ಮೊದಲು ವೂಫರೋ, ಸೆಂಟರೋ?

ಎಲ್ಲ ಶುರುವಾದದ್ದು ಒಬ್ಬ ಸಾಯುವವನಿಂದ.

ಸಿನಿಮಾದಲ್ಲಿ ಸಾಯುವವನು. ಬಾಣ ನೆಟ್ಟ ಎದೆ ಹಿಡಿದುಕೊಂಡು, ಗೆಳೆಯನ ತೊಡೆಯ ಮೇಲೆ ತಲೆಯಿಟ್ಟು ಏನೋ ಹೇಳಿದ. ಗೆಳೆಯ ಅದನ್ನು ಕೇಳಿ ಗಳಗಳ ಅತ್ತು, ಕುದುರೆ ಹತ್ತಿ ಹೊರಟೇಹೋದ. ಅಲ್ಲಿಂದ ಮುಂದಿನ ಸಿನಿಮಾ ಪೂರ್ತಿ ನಿಂತಿದ್ದು ಆ ಒಂದು ಮಾತಿನ ಮೇಲೆ. ಆ ಮಾತೇ ತುರ್ಗುನ್‌ಗೆ ಕೇಳಿಸಲಿಲ್ಲ. ಹಿಂದಕ್ಕೆ ಓಡಿಸಿ ನೋಡಿದ. ದನಿ ಏರಿಸಿ ನೋಡಿದ. ಗಾಳಿ ಬೀಸಿದ್ದು ಕೇಳಿಸಿತು, ಕುದುರೆ ಕೆನೆದದ್ದು ಕೇಳಿಸಿತು, ಹಿಂದೆಲ್ಲೋ ಕೂತು ಪಿಟೀಲು ಕುಯ್ಯುವವರದ್ದೂ ಕೇಳಿಸಿತು. ಮಾತು ಮಾತ್ರ ಇಲ್ಲ. ಟಿವಿಯನ್ನು ಹಪ್ಪಳದಷ್ಟು ತೆಳ್ಳಗೆ ಮಾಡಿದ ಮಹಾ ಬುದ್ಧಿವಂತರು ಅದರ ಗಂಟಲನ್ನೂ ಹಿಸುಕಿ ಬಿಸಾಕಿದ್ದರು.

ಬೇರೆ ಯಾರಾದರೂ ಆಗಿದ್ದರೆ ಹಾಳಾಗಿಹೋಗಲಿ ಅಂತ ಮಲಗುತ್ತಿದ್ದರು. ಆದರೆ ತುರ್ಗುನ್ ತಾಷ್ಕೆಂಟಿನ ಮೆಟ್ರೋ ರೈಲು ಓಡಿಸುವವನು. ಬೆಳಗಾದರೆ ಹೆಗ್ಗಣದ ಹಾಗೆ ನೆಲದೊಳಗೆ ನುಗ್ಗಬೇಕು. ಅಲ್ಲಿ ಗಾಲಿಗಳ ಕಿರುಚಾಟ, ಅದರ ಮೇಲೆ ‘ಎಚ್ಚರಿಕೆ, ಬಾಗಿಲು ಮುಚ್ಚುತ್ತಿದೆ’ ಅನ್ನುವ ಅದೇ ಹೆಂಗಸಿನ ಅದೇ ದನಿ. ಹೆಂಡತಿಗಿಂತ ಹೆಚ್ಚು ಸಲ ಮಾತಾಡಿಸಿದವಳು ಅವಳೇ. ಹಾಗಿರುವಾಗ ಮನೆಗೆ ಬಂದು ಕಾಲು ಚಾಚಿ ಕೂತ ಮೇಲೆ, ಸಾಯುವ ಮನುಷ್ಯನ ಒಂದು ಮಾತು ಸರಿಯಾಗಿ ಕೇಳಿಸಿಕೊಳ್ಳುವ ಹಕ್ಕೂ ಇಲ್ಲವೇ?

ಮರುದಿನವೇ ಸ್ಪೀಕರ್ ಅಂಗಡಿಗೆ ಹೋದ. ಅಲ್ಲಿ ಕೆಲಸ ಮಾಡುವ ಅಬ್ರೋರ್ ಎಂಬ ಯುವಕ ಕತೆಯನ್ನೆಲ್ಲ ತಾಳ್ಮೆಯಿಂದ ಕೇಳಿ, “ಅಣ್ಣಾ, ತಪ್ಪು ನಿಮ್ಮ ಕಿವೀದಲ್ಲ, ಟಿವೀದು” ಅಂದ. ತುರ್ಗುನ್‌ಗೆ ಅವನ ಮೇಲೆ ಪ್ರೀತಿ ಹುಟ್ಟಿದ್ದು ಅಲ್ಲೇ. ಅವನ ಪರವಾಗಿ ಅಷ್ಟು ಸ್ಪಷ್ಟವಾಗಿ ಮಾತಾಡಿದವರು ಮನೆಯಲ್ಲಂತೂ ಯಾರೂ ಇರಲಿಲ್ಲ.

ಎರಡು ಸ್ಪೀಕರ್ ಹೊತ್ತುಕೊಂಡು ಅಬ್ರೋರ್‌ನ ಜೊತೆ ಮನೆಗೆ ಬಂದಾಗ, ಅಂಗಳದ ದ್ರಾಕ್ಷಿ ಚಪ್ಪರದ ಕೆಳಗೆ ಅಮ್ಮ ಸಲೋಮತ್ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು.

“ಏನದು?”

“ಸ್ಪೀಕರಮ್ಮ.”

“ಮದುವೆಗೆ ಬಂದಿರೋ ತಂಗಿ ಮನೇಲಿದಾಳೆ. ಅವಳ ಬಳುವಳಿಗೆ ಒಂದು ಹಾಸಿಗೆ ತಂದವನಲ್ಲ ನೀನು. ಈಗ ಮರದ ಡಬ್ಬ ತಂದಿದೀಯಾ?”

ತುರ್ಗುನ್ ಒಂದು ಗಳಿಗೆ ತಡವರಿಸಿದ. ಆಮೇಲೆ ಬಾಯಿಗೆ ಬಂದದ್ದನ್ನು ಅಂದುಬಿಟ್ಟ. “ಅಯ್ಯೋ ಅಮ್ಮಾ, ಇದೇ ಕಣಮ್ಮ ಬಳುವಳಿ! ಬಹೋರಾಗೋಸ್ಕರವೇ ತಂದಿದ್ದು. ಈಗಿನ ಹುಡುಗೀರ್ಗೆ ಹಾಸಿಗೆ ಯಾರು ಕೊಡ್ತಾರೆ? ಮದುವೆ ಆಗೋವರೆಗೂ ಇಲ್ಲೇ ಇರ್ಲಿ, ದೂಳು ಹಿಡೀದಂಗೆ ನಾನು ನೋಡ್ಕೋತೀನಿ.”

ಅಮ್ಮನ ಮುಖ ಬೆಣ್ಣೆಯ ಹಾಗೆ ಕರಗಿತು. ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡಳು. ಪೆಟ್ಟಿಗೆ ತೆಗೆದು, ತನ್ನ ಮದುವೆಯ ಕಾಲದ ಎರಡು ಕೆಂಪು ಕಸೂತಿ ಬಟ್ಟೆ ತಂದು, ಸ್ಪೀಕರುಗಳಿಗೆ ಮದುಮಗಳಿಗೆ ಹೊದಿಸಿದ ಹಾಗೆ ಹೊದಿಸಿದಳು. ದನಿ ಕಂಬಳಿ ಹೊದ್ದು ಕೆಮ್ಮಿದ ಹಾಗೆ ಬರತೊಡಗಿತು. ತುರ್ಗುನ್ ಹಲ್ಲು ಕಚ್ಚಿ ಸುಮ್ಮನಾದ. ಅಮ್ಮ ಪಕ್ಕದ ಮನೆಗೆ ಹೋದಾಗಲೆಲ್ಲ ಬಟ್ಟೆ ತೆಗೆಯುವುದು, ಬಂದಾಗ ಹೊದಿಸುವುದು, ಇದೊಂದು ಕೆಲಸ ಆಯಿತು.

ಒಂದು ಸುಳ್ಳು ಹೇಳಿದವನಿಗೆ ಎರಡನೆಯದು ತಾನಾಗಿ ಬರುತ್ತದೆ. ಆಂಪ್ಲಿಫೈಯರ್ ಬಂತು, ಬಳುವಳಿಗೆ. ಹಿಂದಿನ ಗೋಡೆಗೆ ಇನ್ನೊಂದು ಜೋಡಿ ಸ್ಪೀಕರ್ ಬಂದವು, ಅವೂ ಬಳುವಳಿಗೆ. ಪ್ರತಿ ಸಲವೂ ಅಬ್ರೋರ್ ಬಂದು, ಗೋಡೆಗೆ ಕಿವಿಯಿಟ್ಟು, ನೆಲ ತಟ್ಟಿ, ಮನೆಯವರನ್ನೆಲ್ಲ ಒಂದೊಂದು ಮೂಲೆಯಲ್ಲಿ ನಿಲ್ಲಿಸಿ “ಇಲ್ಲಿ ಕೇಳಿಸ್ತಾ? ಅಲ್ಲಿ?” ಅಂತ ಪರೀಕ್ಷೆ ಮಾಡುತ್ತಿದ್ದ. ಒಂದೇ ಒಂದು ವಿಚಿತ್ರ ಅಂದರೆ ಅವನು ತರುವ ವೈರು. ಕೋಣೆ ಅಂಗೈಯಗಲ, ವೈರು ಮಾತ್ರ ಬೀದಿ ಉದ್ದ. ಉಳಿದದ್ದು ಸೋಫಾದ ಹಿಂದೆ ಹಾವಾಡಿಗನ ಬುಟ್ಟಿಯ ಹಾಗೆ ಸುತ್ತಿ ಬಿದ್ದಿರುತ್ತಿತ್ತು.

“ಯಾಕಪ್ಪಾ ಇಷ್ಟುದ್ದ?” ಅಂದರೆ, “ಇರ್ಲಿ ಅಣ್ಣಾ, ಮುಂದಕ್ಕೆ ಬೇಕಾಗತ್ತೆ” ಅನ್ನುತ್ತಿದ್ದ.

ರಾತ್ರಿ ಊಟಕ್ಕೆ ಕೂತರೆ ತುರ್ಗುನ್‌ನ ಬಾಯಲ್ಲಿ ಅವನದೇ ಮಾತು. “ಏನು ಹುಡುಗ ಕಣೇ ಅದು! ಎಷ್ಟು ತಾಳ್ಮೆ! ಮುಂದಾಲೋಚನೆ ಎಷ್ಟು! ಅಂಥವನನ್ನ ಹೆತ್ತ ತಾಯಿ ಪುಣ್ಯವಂತೆ.” ಹೆಂಡತಿ ಗವ್ಹರ್ ಚಹಾ ಬಗ್ಗಿಸುತ್ತ ಹೂಂಗುಟ್ಟುತ್ತಿದ್ದಳು. ತಂಗಿ ಬಹೋರಾ ತಲೆ ಬಗ್ಗಿಸಿ ರೊಟ್ಟಿ ಮುರಿಯುತ್ತಿದ್ದಳು.

ಇನ್ನು ತೊಡಕು ಎಲ್ಲಿ ಬಂತು ಅಂದರೆ, ಬಹೋರಾನನ್ನು ಕೇಳಿಕೊಂಡು ಜನ ಬರತೊಡಗಿದರು. ಬರುವುದೇ! ಹುಡುಗಿ ನರ್ಸರಿ ಶಾಲೆಯ ಟೀಚರು, ನೋಡಲು ಲಕ್ಷಣವಾಗಿದ್ದಳು, ನಕ್ಕರೆ ಅಂಗಳ ಬೆಳಗಾಗುತ್ತಿತ್ತು. ಹೆಣ್ಣು ಕೇಳುವ ಹೆಂಗಸರು ಬಂದು ಚಪ್ಪರದ ಕೆಳಗೆ ಕೂತು ಚಹಾ ಕುಡಿದರೆ, ಒಳಗೆ ತುರ್ಗುನ್‌ಗೆ ಸ್ಪೀಕರುಗಳನ್ನು ಒಂದೊಂದಾಗಿ ಸವರಿ ನೋಡುವುದೇ ಕೆಲಸವಾಗುತ್ತಿತ್ತು. ತಂಗಿಯ ಮೇಲೆ ಅವನಿಗೆ ಪ್ರೀತಿ ಇಲ್ಲದೆ ಇಲ್ಲ. ಆದರೆ ತಂಗಿ ಹೊರಟರೆ ಅವಳ ಹಿಂದೆ ಮೆರವಣಿಗೆಯಲ್ಲಿ ಸ್ಪೀಕರೂ ಹೊರಡಬೇಕು, ಆಂಪ್ಲಿಫೈಯರೂ ಹೊರಡಬೇಕು. ಬಳುವಳಿಗೆ ಅಂತ ಒಮ್ಮೆ ಬಾಯಿ ಬಿಟ್ಟು ಹೇಳಿದ್ದನ್ನು ಹಿಂದಕ್ಕಿಟ್ಟುಕೊಂಡ ಅಣ್ಣ ಅವರ ಕೇರಿಯಲ್ಲಿ, ಆ ಮಹಲ್ಲಾದಲ್ಲಿ, ಇನ್ನೂ ಹುಟ್ಟಿರಲಿಲ್ಲ.

ಹಾಗಾಗಿ ಬಂದ ಗಂಡುಗಳಿಗೆಲ್ಲ ಹುಳುಕು ಹುಡುಕತೊಡಗಿದ. ಒಬ್ಬನ ದನಿ ದಪ್ಪ. ಮನೆಯಲ್ಲಿ ನೆಮ್ಮದಿ ಇರೋಲ್ಲ. ಇನ್ನೊಬ್ಬನ ದನಿ ಸಣ್ಣ, ಏನೋ ಮುಚ್ಚಿಡ್ತಾನೆ. ಹಲ್ಲಿನ ಡಾಕ್ಟರು ಬೇಡ, ನೋವು ಕೊಡೋದೇ ಅವನ ಕಸುಬು. ಬೇಕರಿಯವನು ಬೇಡ, ಬೆಳಗಿನ ಜಾವ ಎದ್ದು ಹೋಗ್ತಾನೆ. ಅಮ್ಮ ಹಣೆ ಚಚ್ಚಿಕೊಂಡಳು. “ನಿನ್ನ ತಂಗಿಗೆ ಗಂಡ ಹುಡುಕ್ತಿದೀವೋ, ನಿನ್ನ ರೈಲಿಗೆ ಬ್ರೇಕು ಹುಡುಕ್ತಿದೀವೋ?”

ಇಷ್ಟಾದರೂ ಸಾಯುವವನ ಮಾತು ಇನ್ನೂ ಕೇಳಿಸಿರಲಿಲ್ಲ.

ಮುಂದಿನದು ಏನು ಕೊಳ್ಳಬೇಕು ಅನ್ನುವ ಪ್ರಶ್ನೆ ಅವನನ್ನು ಹಲ್ಲುನೋವಿನ ಹಾಗೆ ಕಾಡುತ್ತಿತ್ತು. ನೆಲ ನಡುಗಿಸುವ ವೂಫರೋ? ಟಿವಿಯ ಕೆಳಗೆ ಇಟ್ಟು ಮಾತನ್ನು ಮಾತ್ರ ಬಿಡಿಸಿ ಹೇಳುವ ಸೆಂಟರ್ ಸ್ಪೀಕರೋ? ಮೆಟ್ರೋ ಡಿಪೋದಲ್ಲಿ ಕೇಳಿದ. ಡಿಪೋ ಎರಡು ಪಕ್ಷವಾಯಿತು. “ಗುಡುಗು ಇಲ್ಲದ ಸಿನಿಮಾ ಉಪ್ಪಿಲ್ಲದ ಸೂಪು” ಅಂದರು ವೂಫರಿನವರು. “ಗುಡುಗು ಕೇಳೋಕೆ ನಾವು ಓಡಿಸೋ ರೈಲು ಸಾಲದಾ? ಮಾತು ಮುಖ್ಯ ಕಣಯ್ಯ” ಅಂದರು ಸೆಂಟರಿನವರು. ಇಬ್ಬರು ಚಾಲಕರು ಮಾತು ಬಿಟ್ಟರು.

ಕೊನೆಗೆ ಅಬ್ರೋರನೇ ದಾರಿ ತೋರಿಸಿದ. “ಅಣ್ಣಾ, ಭಾನುವಾರ ಎರಡನ್ನೂ ನಿಮ್ಮನೆಗೇ ತರ್ತೀನಿ. ಹಾಕಿ ಕೇಳಿ. ನಿಮ್ಮ ಕಿವಿ ಯಾವುದಕ್ಕೆ ಹೂಂ ಅನ್ನತ್ತೋ ಅದನ್ನ ಇಟ್ಕೊಳಿ.”

ಭಾನುವಾರ ಬೆಳಿಗ್ಗೆ ಗವ್ಹರ್ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋದಳು. ಅಮ್ಮ ಚಾಪೆ ಹಾಸಿ ಜರ್ದಾಳು ಹಣ್ಣು ಬಿಡಿಸಿ ಬಿಸಿಲಿಗಿಡುತ್ತಿದ್ದಳು. ಅಬ್ರೋರನ ಪುಟ್ಟ ಡಮಾಸ್ ವ್ಯಾನು ಗೇಟಿನ ಮುಂದೆ ನಿಂತಿತು. ಅವತ್ತು ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ, ಕ್ಷೌರ ಮಾಡಿಸಿಕೊಂಡಿದ್ದ. ವೂಫರ್ ಹೊರುವವನಿಗೆ ಬಿಳಿ ಅಂಗಿ ಯಾಕೆ ಅಂತ ತುರ್ಗುನ್ ಕೇಳಲಿಲ್ಲ. ಅವನ ಕಣ್ಣು ಪೆಟ್ಟಿಗೆಯ ಮೇಲಿತ್ತು.

ವೂಫರ್ ಅಂದರೆ ವೂಫರ್! ಕೂತ ಎಮ್ಮೆ ಕರುವಿನಷ್ಟು ಇತ್ತು. “ಮೊದ್ಲು ಇದೇ” ಅಂದ ತುರ್ಗುನ್. ಇಬ್ಬರೂ ಸೇರಿ ಮೂಲೆಗೆ ಎಳೆದು ಕೂರಿಸಿದರು.

“ಯಾವ ಸಿನಿಮಾ ಹಾಕೋಣ ಅಣ್ಣಾ?”

“ಅದೇ. ಸಾಯುವವನದ್ದು.”

“ಅದ್ರಲ್ಲಿ ಸೈನ್ಯ ಹೊರಡೋ ಜಾಗ ಹಾಕೋಣ. ವೂಫರ್ ಯೋಗ್ಯತೆ ಅಲ್ಲೇ ಗೊತ್ತಾಗೋದು. ಕಿಟಕಿ ತೆಗೀರಿ, ಮುಚ್ಚಿದ್ರೆ ಗಾಜು ನಿಲ್ಲಲ್ಲ.”

ಕಿಟಕಿ ತೆಗೆದ. ಅಬ್ರೋರ್ ಗುಂಡಿ ತಿರುಗಿಸಿದ. ಸಿನಿಮಾದ ಕೋಟೆಯ ಮೇಲೆ ಆಳುದ್ದದ ಹಿತ್ತಾಳೆ ಕಹಳೆಗಳು ಎದ್ದು ನಿಂತವು. ಕೆಳಗೆ ನಗಾರಿ.

ಭೋಂ... ಓಂ... ಓಂ... ಧಡಾಂ!

ಗೂಡಿನ ಬಟ್ಟಲುಗಳು ಕಿಣಿಕಿಣಿ ಕುಣಿದವು. ಚಪ್ಪರದಿಂದ ಗುಬ್ಬಿಗಳು ಎದ್ದು ಓಡಿದವು. ಅಮ್ಮನ ಚಾಪೆಯ ಮೇಲೆ ಜರ್ದಾಳು ಉರುಳಿದವು. ತುರ್ಗುನ್‌ನ ಹೊಟ್ಟೆಯೊಳಗಿನ ಬೆಳಗಿನ ಚಹಾ ಅಲ್ಲೇ ಮಗ್ಗುಲು ಬದಲಿಸಿತು. ಅವನು ಕಣ್ಣು ಮುಚ್ಚಿ ಸ್ವರ್ಗ ಕಂಡ. “ಇನ್ನೊಂದು ಸಲ!” ಅಂದ.

ಅಬ್ರೋರ್ ಇನ್ನೊಂದು ಸಲ ಹಾಕಿದ.

ಈಗ ಆ ಮಹಲ್ಲಾದ ಸಂಗತಿ ಏನೆಂದರೆ, ಅಲ್ಲಿ ಒಂದು ಮನೆಯಿಂದ ಕಹಳೆ ನಗಾರಿ ಕೇಳಿಸಿದರೆ ಅದಕ್ಕೆ ಅರ್ಥ ಒಂದೇ. ಆ ಮನೆಯಲ್ಲಿ ಮದುವೆ ಗೊತ್ತಾಗಿದೆ. ಸತ್ತರೆ ಅಳುತ್ತಾರೆ, ಮಗು ಹುಟ್ಟಿದರೆ ಮಿಠಾಯಿ ಹಂಚುತ್ತಾರೆ. ಕಹಳೆ ಊದುವುದು ಮದುವೆಗೆ. ಊದಿದ್ದು ಕೇಳಿದ ಮೇಲೆ ಕರೆಯೋಲೆ ಬರಲಿ ಅಂತ ಮನೆಯಲ್ಲಿ ಕೂರುವವನು ನೆರೆಯವನೇ ಅಲ್ಲ.

ಮೊದಲು ಬಂದವಳು ಪಕ್ಕದ ಮನೆಯ ಮಸ್ತುರಾ ಚಿಕ್ಕಮ್ಮ. ತಲೆಯ ಮೇಲೆ ಹರಿವಾಣ, ಹರಿವಾಣದ ತುಂಬ ಆಗತಾನೆ ತಂದೂರಿನಿಂದ ತೆಗೆದ, ಹೊಗೆಯಾಡುವ ದುಂಡನೆ ನಾನ್ ರೊಟ್ಟಿ.

“ಸಲೋಮತ್! ಮುಬಾರಕ್ ಕಣೇ! ಗೋಡೆ ಪಕ್ಕದಲ್ಲಿರೋ ನಂಗೇ ಹೇಳ್ಲಿಲ್ವಲ್ಲೇ! ಹೋಗ್ಲಿ ಬಿಡು, ನಾನು ಮನಸ್ಸಲ್ಲಿ ಇಟ್ಕೊಳ್ಳೋಳಲ್ಲ. ಸಾಯೋವರೆಗೂ ಜ್ಞಾಪಕ ಇಟ್ಕೋತೀನಿ ಅಷ್ಟೆ.”

ಅಮ್ಮ ಜರ್ದಾಳು ಅಂಟಿದ ಕೈಯನ್ನು ಗಾಳಿಯಲ್ಲಿ ಹಿಡಿದು ಬೆಪ್ಪಾಗಿ ನಿಂತಳು. “ನಂಗೂ ಹೇಳ್ಲಿಲ್ವಲ್ಲೇ ಮಸ್ತುರಾ!”

ತುರ್ಗುನ್ ಚಪ್ಪಲಿ ಅದಲುಬದಲು ಹಾಕಿಕೊಂಡು ಓಡಿ ಬಂದ. “ಚಿಕ್ಕಮ್ಮಾ, ಅದು ಸಿನಿಮಾ! ಮದುವೆ ಇಲ್ಲ, ಏನಿಲ್ಲ!”

“ಕಣ್ಣು ಬೀಳತ್ತೆ ಅಂತ ಮುಚ್ಚಿಡ್ತಿದಾನೆ,” ಅಂದಳು ಮಸ್ತುರಾ ಅಮ್ಮನಿಗೆ, ಅವನು ಅಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ. “ಒಳ್ಳೇದೇ. ಅಣ್ಣ ಅಂದ್ರೆ ಹಿಂಗಿರ್ಬೇಕು.”

ಅಷ್ಟರಲ್ಲಿ ಗೇಟಿನಲ್ಲಿ ಗಡಗಡ ಸದ್ದು. ಮಹಲ್ಲಾದ ಯಜಮಾನ ಯುಲ್ದಾಶ್ ತಾತ ಬಿಳಿ ಗಡ್ಡ ಸವರುತ್ತ ಮುಂದೆ. ಹಿಂದೆ ಚೂರಿ, ಮಣೆ ಹಿಡಿದ ಗಂಡಸರ ದಂಡು. ಅವರ ಹಿಂದೆ ಮದುವೆ ಪಲಾವಿನ ದೊಡ್ಡ ಕಡಾಯಿಯನ್ನು ಚಕ್ರದ ಹಾಗೆ ಉರುಳಿಸಿಕೊಂಡು ಬರುವ ಇನ್ನಿಬ್ಬರು. ಒಬ್ಬನ ಬೆನ್ನ ಮೇಲೆ ಹಳದಿ ಗಜ್ಜರಿಯ ಮೂಟೆ. ಮದುವೆಯ ಗಜ್ಜರಿ ಹೆಚ್ಚುವುದು ಅಂದರೆ ಅಲ್ಲಿನ ಗಂಡಸರಿಗೆ ಹಬ್ಬ. ಮನೆಯಲ್ಲಿ ಈರುಳ್ಳಿ ಸಿಪ್ಪೆ ಮುಟ್ಟದವರೂ ಇದಕ್ಕೆ ಚೂರಿ ಮಸೆದುಕೊಂಡು ಓಡಿ ಬರುತ್ತಾರೆ. ಕೂತು ಹರಟೆ ಹೊಡೆಯಬಹುದಲ್ಲ.

“ತಾತಾ, ನಿಲ್ಲಿ! ಕಡಾಯಿ ಒಳಗೆ ತರ್ಬೇಡಿ!” ತುರ್ಗುನ್ ರೈಲಿಗೆ ಅಡ್ಡ ನಿಂತವನ ಹಾಗೆ ಕೈ ಚಾಚಿದ.

ಕಡಾಯಿ ಅವನ ಪಕ್ಕದಿಂದ ಉರುಳಿ ಅಂಗಳದ ನಡುವೆ ಹೋಗಿ, ಗಿರಗಿರನೆ ತಿರುಗಿ, ಧಡ್ ಎಂದು ಕೂತಿತು.

“ಬಂತಲ್ಲಪ್ಪ,” ಅಂದ ಯುಲ್ದಾಶ್ ತಾತ. “ಒಂದು ಮನೆಗೆ ಹೊಕ್ಕ ಕಡಾಯಿ ಖಾಲಿ ಹೋಗ್ಬಾರ್ದು. ಅಪಶಕುನ. ಒಲೆ ಎಲ್ಲಿ ಹಾಕೋಣ?”

“ತಾತಾ, ನನ್ನ ಮಾತು ಕೇಳಿ. ಕಹಳೆ ಊದಿದ್ದು ಟಿವೀಲಿ. ಸಿನಿಮಾ ಅದು, ಯುದ್ಧದ ಸಿನಿಮಾ!”

“ಟಿವಿ ನಮ್ಮನೇಲೂ ಇದೆ. ಸೊಳ್ಳೆ ಥರ ಕುಂಯ್ ಅನ್ನತ್ತೆ. ಇವತ್ತು ಊದಿದ್ದು ನನ್ನ ಕಟ್ಟಿಸಿದ ಹಲ್ಲಲ್ಲಿ ಕೇಳಿಸ್ತು ಕಣೋ.”

“ತೋರಿಸ್ತೀನಿ! ಬನ್ನಿ, ಕಣ್ಣಾರೆ ನೋಡಿ!” ತುರ್ಗುನ್ ಒಳಗೆ ಓಡಿದ. “ಅಬ್ರೋರ್, ಹಾಕಪ್ಪ! ಸೇನಾಪತಿ ‘ಯುದ್ಧಕ್ಕೆ ಹೊರಡಿ’ ಅಂತಾನಲ್ಲ, ಅದು ಇವ್ರಿಗೆ ಕೇಳಿಸ್ಬೇಕು.”

ಅಬ್ರೋರ್ ಕೆನ್ನೆ ತುರಿಸಿಕೊಂಡ. “ಮಾತು ಕೇಳಿಸ್ಬೇಕಾದ್ರೆ ಸೆಂಟರ್ ಬೇಕು ಅಣ್ಣಾ. ಅದಿನ್ನೂ ಡಬ್ಬದಲ್ಲೇ ಇದೆ. ನೀವೇ ಅಲ್ವಾ ವೂಫರ್ ಮೊದ್ಲು ಅಂದಿದ್ದು?”

“ಇರೋದ್ರಲ್ಲೇ ಹಾಕು!”

ಹಾಕಿದ. ಸೇನಾಪತಿ ಬಾಯಿ ತೆರೆದ. ಏನಂದನೋ ಅವನಿಗೇ ಗೊತ್ತು. ಅವನ ಬೆನ್ನಿಗೇ ಭೋಂ ಓಂ ಓಂ ಧಡಾಂ ಅಂತ ಕಹಳೆ ನಗಾರಿ ಮಹಲ್ಲಾದ ತುದಿಯವರೆಗೂ ಹೋಯಿತು. ಅಂಗಳದಲ್ಲಿ ನಿಂತವರು “ಆಹಾ!” ಅಂದರು. ಮೊದಲಿನ ಸಲ ಅನುಮಾನದಲ್ಲಿದ್ದ ಆಚೆ ಬೀದಿಯವರು ಈಗ ಅನುಮಾನ ಬಿಟ್ಟು ಬಟ್ಟೆ ಬದಲಾಯಿಸಿಕೊಂಡು ಹೊರಟರು. ಒಬ್ಬ ದಾಯ್ರಾ ತಮಟೆ ಕಂಕುಳಲ್ಲಿಟ್ಟುಕೊಂಡೇ ಬಂದ.

ಅರ್ಧ ತಾಸಿನಲ್ಲಿ ಅಂಗಳ ತುಂಬಿತು. ಒಲೆ ಹೊತ್ತಿತು. ಎಣ್ಣೆ ಹೊಗೆಯಾಡಿತು. ಗಂಡಸರು ಸಾಲಾಗಿ ಕೂತು ಟಕಟಕ ಗಜ್ಜರಿ ಹೆಚ್ಚಿದರು. ಅವರ ನಡುವೆ ಬಿಳಿ ಅಂಗಿಯ ತೋಳು ಮಡಿಸಿ ಅಬ್ರೋರನೂ ಕೂತಿದ್ದ. ಅವನು ಹೆಚ್ಚಿದ್ದು ಬೆಂಕಿಕಡ್ಡಿಯಷ್ಟು ಸಮ. ಮುದುಕರು ಮೆಚ್ಚಿ ತಲೆ ಆಡಿಸಿದರು.

ತುರ್ಗುನ್ ಒಬ್ಬೊಬ್ಬರ ಹತ್ತಿರ ಹೋಗಿ “ಮದುವೆ ಇಲ್ಲ” ಅಂದ. ಒಬ್ಬೊಬ್ಬರೂ ಅವನ ಬೆನ್ನು ತಟ್ಟಿ “ಮುಬಾರಕ್” ಅಂದರು. ‘ಎಚ್ಚರಿಕೆ, ಬಾಗಿಲು ಮುಚ್ಚುತ್ತಿದೆ’ ಅನ್ನುವ ಆ ಹೆಂಗಸಿನ ಮಾತನ್ನು ಜನ ಎಷ್ಟು ಕಿವಿಗೆ ಹಾಕಿಕೊಳ್ಳುತ್ತಾರೆ ಅಂತ ಅವನಿಗೆ ಮೊದಲ ಬಾರಿ ಅರ್ಥವಾಯಿತು. ಪಾಪ, ಅವಳು.

ಕೊನೆಗೆ ಯುಲ್ದಾಶ್ ತಾತ ಚಹಾದ ಬಟ್ಟಲು ಕೆಳಗಿಟ್ಟು ಕೇಳಿದ. “ಎಲ್ಲಾ ಸರಿ. ಗಂಡು ಯಾರು?”

ಚೂರಿಗಳು ನಿಂತವು.

“ಯಾರೂ ಇಲ್ಲ!” ತುರ್ಗುನ್‌ಗೆ ಅಳುವೇ ಬಂತು. “ಬೆಳಗಿಂದ ಅದನ್ನೇ ಬಡ್ಕೋತಿದೀನಿ. ಗಂಡೂ ಇಲ್ಲ, ಮದುವೇನೂ ಇಲ್ಲ!”

ಹೆಂಗಸರ ಕಡೆಯಿಂದ ಗುಸುಗುಸು ಎದ್ದಿತು. ಮಸ್ತುರಾ ಚಿಕ್ಕಮ್ಮ ಕೆನ್ನೆಗೆ ಕೈಯಿಟ್ಟಳು. “ಅಯ್ಯೋ ದೇವ್ರೇ. ಕಹಳೆ ಊದಿ, ಕಡಾಯಿ ಏರಿಸಿ, ಗಂಡೇ ಇಲ್ಲ ಅಂದ್ರೆ? ಮಾತು ಮುರೀತು ಅಂತಾರೆ ಜನ. ಹುಡುಗೀಲೇ ಏನೋ ಐಬು ಅಂತಾರೆ. ನಾಳೆ ಈ ಗೇಟಿಗೆ ಯಾರು ಬರ್ತಾರೆ?”

ಅಮ್ಮ ಚಾಪೆಯ ಮೇಲೆ ಕುಸಿದು ಕೂತಳು. “ತುರ್ಗುನ್, ನನ್ನ ಮಗಳ ಹೆಸರು!” ಅಂದಳು. ಅಷ್ಟೇ ಅಂದದ್ದು.

ಆ ಒಂದು ಮಾತು ಮಾತ್ರ ಯಾವ ಸೆಂಟರ್ ಸ್ಪೀಕರೂ ಇಲ್ಲದೆ ತುರ್ಗುನ್‌ಗೆ ನೆಟ್ಟಗೆ ಕೇಳಿಸಿತು. ಅಡುಗೆಮನೆಯ ಬಾಗಿಲಲ್ಲಿ ತಂಗಿ ಚಹಾದ ಕೆಟಲು ಹಿಡಿದು ನಿಂತಿದ್ದಳು. ಅವಳನ್ನು ನೋಡಿ ಅವನಿಗೆ, ಎರಡು ಮರದ ಡಬ್ಬ ಉಳಿಸಿಕೊಳ್ಳೋಕೆ ಎಷ್ಟು ಗಂಡುಗಳನ್ನ ಓಡಿಸಿದೆ, ಕೊನೆಗೆ ಈ ಡಬ್ಬಗಳೇ ಅವಳ ಹೆಸರು ಕೆಡಿಸಿದವಲ್ಲ ಅನ್ನಿಸಿತು.

“ಮತ್ತೆ ಕಹಳೆ ಊದಿದ್ದು ಯಾರು?” ತಾತ ಬಿಡಲಿಲ್ಲ.

ತುರ್ಗುನ್‌ಗೆ ಮುಳುಗುವವನಿಗೆ ಹಗ್ಗ ಸಿಕ್ಕಿದ ಹಾಗಾಯಿತು. ಅಬ್ರೋರನತ್ತ ಬೆರಳು ಚಾಚಿದ. “ಅವನು! ನಾನಲ್ಲ! ಕಹಳೆ ಹೊತ್ತು ತಂದವನು ಅವನು, ಒಳಗೆ ತಂದು ಕೂರಿಸಿದವನು ಅವನು, ಊದಿಸಿದವನೂ ಅವನೇ! ಕೇಳಿ ಅವನನ್ನೇ!”

ಇಡೀ ಅಂಗಳ ಅಬ್ರೋರನತ್ತ ತಿರುಗಿತು. ಅಬ್ರೋರ್ ಚೂರಿ ಒಂದು ಕೈಯಲ್ಲಿ, ಅರ್ಧ ಗಜ್ಜರಿ ಇನ್ನೊಂದು ಕೈಯಲ್ಲಿ ಹಿಡಿದು, ನಿಧಾನವಾಗಿ ಎದ್ದು ನಿಂತ. ಕಿವಿಯ ತುದಿಯವರೆಗೂ ಕೆಂಪಾಗಿದ್ದ.

ಯುಲ್ದಾಶ್ ತಾತ ಅವನನ್ನು ಬಿಳಿ ಅಂಗಿಯಿಂದ ಹಿಡಿದು ಸಮನಾಗಿ ಹೆಚ್ಚಿದ ಗಜ್ಜರಿಯವರೆಗೆ ಒಮ್ಮೆ ನೋಡಿದ. ಆಮೇಲೆ ತುರ್ಗುನ್‌ನತ್ತ ತಿರುಗಿ ನಕ್ಕ.

“ಅಲ್ಲಯ್ಯಾ, ಹೆಣ್ಣಿನ ಮನೆ ಬಾಗಿಲಿಗೆ ಕಹಳೆ ತರೋನು ಯಾರು? ಗಂಡೇ ತಾನೇ! ಇದನ್ನ ಹೇಳೋಕೆ ಇಷ್ಟು ಹೊತ್ತು ಬೇಕಾಯ್ತಾ ನಿಂಗೆ?”

“ಅಲ್ಲ... ನಾನು ಹೇಳಿದ್ದು...”

“ಹೂಂ ತಾತ, ನಾನೇ,” ಅಂದ ಅಬ್ರೋರ್. ಸ್ಪೀಕರ್ ಮಾರುವಾಗ ಇದ್ದ ದನಿ ಅಲ್ಲ ಅದು, ನಡುಗುತ್ತಿತ್ತು. “ಬಹೋರಾ ಒಪ್ಪಿದ್ರೆ.”

ಅಡುಗೆಮನೆ ಬಾಗಿಲಲ್ಲಿ ಬಹೋರಾ ಒಪ್ಪಿದೆ ಅನ್ನಲಿಲ್ಲ, ಇಲ್ಲ ಅನ್ನಲೂ ಇಲ್ಲ. ಒಳಗೆ ಓಡಿ ಬಾಗಿಲು ಹಾಕಿಕೊಂಡಳು. ಮಹಲ್ಲಾದ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ಹೂಂ ಇಲ್ಲ. ತಮಟೆಯವನು ಬಾರಿಸಿಯೇಬಿಟ್ಟ.

ಅದೇ ಹೊತ್ತಿಗೆ ಮಸ್ತುರಾ ಚಿಕ್ಕಮ್ಮನ ಮನೆಯ ಕಡೆಯಿಂದ, ರೇಷ್ಮೆ ಉಡುಪು ತೊಟ್ಟು, ಬಟ್ಟೆಯಲ್ಲಿ ಸುತ್ತಿದ ರೊಟ್ಟಿ ಎದೆಗವಚಿಕೊಂಡು, ಗುಂಡಗಿನ ಒಬ್ಬ ಹೆಂಗಸು ಬಂದಳು. ಅಬ್ರೋರನ ತಾಯಿ.

“ತಡವಾಯ್ತಾ?” ಅಂದಳು ಏದುಸಿರು ಬಿಡುತ್ತ. “ಕಹಳೆ ಕೇಳಿಸಿದ ಮೇಲೆ ಬಾ ಅಂದಿದ್ದ ಇವ್ನು. ಕೇಳಿಸ್ತು, ಹೊರಟೆ. ಮತ್ತೆ ಕೇಳಿಸ್ತು, ಕೂತೆ. ಮೂರ್ನೇ ಸಲ ಕೇಳಿಸಿದಾಗ ಏನು ಮಾಡ್ಬೇಕು ಅಂತಲೇ ತಿಳೀಲಿಲ್ಲ. ಚಹಾ ಕುಡಿದು ಬಂದೆ.”

ತುರ್ಗುನ್ ಮಸ್ತುರಾ ಚಿಕ್ಕಮ್ಮನ ಹರಿವಾಣ ನೋಡಿದ. ಆಗ ಹೊಳೆಯಿತು. ಕಹಳೆ ಕೇಳಿದ ಮೇಲೆ ಹಿಟ್ಟು ನಾದಿ, ತಂದೂರು ಕಾಯಿಸಿ, ರೊಟ್ಟಿ ಬೇಯಿಸಲು ಎಷ್ಟು ಹೊತ್ತು ಬೇಕು? ಇವಳ ರೊಟ್ಟಿ ಕಹಳೆಯ ಬೆನ್ನಿಗೇ ಹೊಗೆಯಾಡುತ್ತ ಬಂದಿತ್ತು!

“ಚಿಕ್ಕಮ್ಮಾ! ನಿಮಗೆ ಮೊದಲೇ ಗೊತ್ತಿತ್ತು!”

“ಏನೋಪ್ಪ,” ಅಂದಳು ಮಸ್ತುರಾ ತಲೆವಸ್ತ್ರ ಸರಿ ಮಾಡಿಕೊಳ್ಳುತ್ತ. “ನನ್ನ ಒಲೆಗೆ ಗೊತ್ತಿತ್ತೇನೋ.”

ಗೇಟಿನ ಮುಂದೆ ಟ್ಯಾಕ್ಸಿ ನಿಂತಿತು. ಗವ್ಹರ್ ಇಳಿದಳು. ತವರಿಗೆ ಹೋಗುವಾಗ ಉಟ್ಟಿದ್ದ ಬಟ್ಟೆ ಅಲ್ಲ. ಜರಿಯ ಉಡುಪು, ಕಿವಿಗೆ ಬಂಗಾರ. ಮಕ್ಕಳಿಬ್ಬರಿಗೂ ಹೊಸ ಟೋಪಿ.

“ನೀನೂನಾ?” ಅಂದ ತುರ್ಗುನ್.

“ಇನ್ನೇನು ಮಾಡೋದ್ ರೀ? ಯಾರು ಬಂದ್ರೂ ಹುಳುಕು ತೆಗೀತಿದ್ರಿ. ಈ ಭೂಮಿ ಮೇಲೆ ನೀವು ಹುಳುಕು ತೆಗೀದೇ ಇರೋ ಗಂಡಸು ಅಂದ್ರೆ ಇವನೊಬ್ಬನೇ. ದಿನಾ ಊಟಕ್ಕೆ ಕೂತು ನೀವೇ ಹೇಳ್ತಿದ್ರಲ್ಲ, ಎಷ್ಟು ತಾಳ್ಮೆ, ಎಷ್ಟು ಮುಂದಾಲೋಚನೆ, ಹೆತ್ತ ತಾಯಿ ಪುಣ್ಯವಂತೆ ಅಂತ? ಅಗೋ, ಪುಣ್ಯವಂತೆ ಬಂದಿದಾರೆ. ಇಲ್ಲ ಅನ್ನಿ ನೋಡೋಣ!”

ತುರ್ಗುನ್ ಬಾಯಿ ತೆರೆದ. ಸಿನಿಮಾದ ಸೇನಾಪತಿಯ ಹಾಗೆ, ಮಾತು ಮಾತ್ರ ಬರಲಿಲ್ಲ.

ಎರಡು ಮನೆಯ ತಾಯಂದಿರು ಸೇರಿ ರೊಟ್ಟಿ ಮುರಿದರು. ಮುರಿದ ರೊಟ್ಟಿ ಮತ್ತೆ ಕೂಡುವುದಿಲ್ಲ, ಆಡಿದ ಮಾತು ಹಿಂದೆ ಹೋಗುವುದಿಲ್ಲ ಅಂದರು ಹಿರಿಯರು. ಪಲಾವ್ ಕುದಿಯಿತು. ಕಡಾಯಿಯ ಅಪಶಕುನ ಕಳೆಯಿತು. ತುರ್ಗುನ್ ಒಂದು ಮೂಲೆಯಲ್ಲಿ ಕೂತು, ಏನೇ ಆಗಲಿ, ಹುಡುಗ ಒಳ್ಳೆಯವನು, ತಂಗಿ ಸುಖವಾಗಿರುತ್ತಾಳೆ ಅಂತ ಸಮಾಧಾನ ಮಾಡಿಕೊಳ್ಳುತ್ತಿದ್ದ. ನಿಜವಾಗಿಯೂ ಅವನಿಗೆ ಸಂತೋಷವೇ ಆಗಿತ್ತು. ಮನಸ್ಸಿನ ಹಿಂದಿನ ಗೋಡೆಯಲ್ಲಿ ಮಾತ್ರ ಒಂದು ಜೋಡಿ ಸಣ್ಣ ಸ್ಪೀಕರ್ ಪಿಸುಗುಟ್ಟುತ್ತಿದ್ದವು: ಯಾರಿಗೂ ಜ್ಞಾಪಕ ಬಾರದಿರಲಿ, ಯಾರಿಗೂ ಜ್ಞಾಪಕ ಬಾರದಿರಲಿ.

ಆಗ ಅಮ್ಮ ಎದ್ದು ನಿಂತಳು.

“ಎಲ್ರೂ ಕೇಳಿ,” ಅಂದಳು ಒದ್ದೆ ದನಿಯಲ್ಲಿ. “ಇವನು ಹುಳುಕು ತೆಗೀತಿದ್ದ ಅಂತ ನಾನೂ ಬೈದಿದೀನಿ. ಆದ್ರೆ ನನ್ನ ಮಗ ತಂಗಿಗೋಸ್ಕರ ಏನು ಮಾಡಿದಾನೆ ಗೊತ್ತಾ? ತಾನು ಹರಿದ ಬೂಟು ಹಾಕ್ಕೊಂಡು, ಒಂದೊಂದೇ ಒಂದೊಂದೇ ತಂದು ಬಳುವಳಿ ಕೂಡಿಸಿದಾನೆ. ಬನ್ನಿ, ನೋಡಿ!”

ಹೆಂಗಸರ ದಂಡು ಒಳಗೆ ನುಗ್ಗಿತು. ಅಮ್ಮ ಕೆಂಪು ಕಸೂತಿ ಬಟ್ಟೆ ಎರಡನ್ನೂ ಎತ್ತಿ, ಒಂದೊಂದನ್ನೇ ಬೆರಳಿಟ್ಟು ತೋರಿಸಿದಳು. ಸ್ಪೀಕರು, ಆಂಪ್ಲಿಫೈಯರು, ಹಿಂದಿನ ಗೋಡೆಯದ್ದು. ಕೊನೆಗೆ ಮೂಲೆಯ ಎಮ್ಮೆ ಕರು, ಅದರ ಪಕ್ಕ ಡಬ್ಬದಲ್ಲಿದ್ದ ಸೆಂಟರು. “ಇವೆರಡು ಇವತ್ತೇ ಬಂದಿದ್ದು!” ಅಂದಳು ಹೆಮ್ಮೆಯಿಂದ. ಹೆಂಗಸರು ಅತ್ತರು. ಯುಲ್ದಾಶ್ ತಾತ ಅಂಗೈ ಎರಡೂ ಮೇಲೆತ್ತಿದ. “ಪ್ರತಿ ತಂಗಿಗೂ ಇಂಥ ಅಣ್ಣ ಸಿಗಲಿ!”

“ಆಮೀನ್!” ಅಂತು ಅಂಗಳ.

ಎಲ್ಲರಿಗಿಂತ ಗಟ್ಟಿಯಾಗಿ ಅಂದವನು ಅಬ್ರೋರ್.

ಸಂಜೆ, ಜನ ಕರಗಿದ ಮೇಲೆ, ಅಬ್ರೋರ್ ವ್ಯಾನಿನ ಹತ್ತಿರ ನಿಂತಿದ್ದ. ತುರ್ಗುನ್ ಅವನ ಪಕ್ಕ ಹೋಗಿ ನಿಂತ.

“ಆಗಿದ್ದಾಯ್ತು,” ಅಂದ. “ಈಗ ನೀನು ಮನೆಯವನು. ನಿಜ ಹೇಳು. ಆ ಸಾಯುವವನ ಮಾತು ಕೇಳಿಸ್ಬೇಕಾಗಿದ್ರೆ ಮೊದಲು ಯಾವುದು ತಗೋಬೇಕಿತ್ತು? ವೂಫರೋ, ಸೆಂಟರೋ?”

ಅಬ್ರೋರ್ ನೆಲ ನೋಡಿದ. “ಬೈಬಾರ್ದು ಅಣ್ಣಾ.”

“ಬೈಯಲ್ಲ, ಹೇಳು.”

“ಅವನು ಏನೂ ಹೇಳೋದೇ ಇಲ್ಲ. ತುಟಿ ಮಾತ್ರ ಅಲ್ಲಾಡಿಸಿ ಸಾಯ್ತಾನೆ. ಸಿನಿಮಾ ಮಾಡಿರೋದೇ ಹಾಗೆ. ನಮ್ಮಂಗಡೀಲಿರೋ ಎಲ್ಲಕ್ಕಿಂತ ದೊಡ್ಡ ಸೆಟ್ಟಲ್ಲಿ ಹಾಕಿ ನೋಡಿದೀನಿ.”

ತುರ್ಗುನ್ ಗೋಡೆಗೆ ಒರಗಿಕೊಂಡ. ಒಳಗೆ ಖಾಲಿ ಕಡಾಯಿಯನ್ನು ಯಾರೋ ಕೆರೆದು ತೊಳೆಯುತ್ತಿದ್ದರು. ಬಹಳ ಹೊತ್ತಿನ ಮೇಲೆ ಅವನಿಗೆ ಸೋಫಾದ ಹಿಂದಿನ ಹಾವಾಡಿಗನ ಬುಟ್ಟಿ ನೆನಪಾಯಿತು.

“ಹಾಗಾದ್ರೆ... ಆ ವೈರು? ಬೀದಿ ಉದ್ದ ತರ್ತಿದ್ಯಲ್ಲ, ಅದ್ಯಾಕೆ?”

ಅಬ್ರೋರ್ ವ್ಯಾನಿನ ಬಾಗಿಲು ತೆಗೆದು ಒಳಗೆ ಕೂತ. ಕಿಟಕಿಯಿಂದ ತಲೆ ಹೊರಹಾಕಿ, ಬಹಳ ನಾಚಿಕೆಯಿಂದ, ಬಹಳ ಗೌರವದಿಂದ ಹೇಳಿದ:

“ನಮ್ಮನೆ ಕೋಣೆ ನಿಮ್ಮದಕ್ಕಿಂತ ದೊಡ್ಡದು ಅಣ್ಣಾ. ಮೊದಲನೇ ದಿನವೇ ಅಳತೆ ತಗೊಂಡಿದ್ದೆ.”